ಹಂಚಿನ ಮೇಲಿನ ಅಕ್ಷರ: ಮಂಗಳೂರಿನ ಬಾಸೆಲ್ ಮಿಶನ್ ಹಂಚಿನ ಕಾರ್ಖಾನೆಯ ಚರಿತ್ರೆ

ಆಳಂದ ತಾಲ್ಲೂಕಿನ ಮಟಕಿಯಂತಹ ಊರುಗಳಲ್ಲಿ ‘ಹಂಚು’ ಎಂದರೆ ಮೊದಲು ನೆನಪಾಗುವುದು ಒಲೆಯ ಮೇಲೆ ರೊಟ್ಟಿ ಬೇಯಿಸುವ ಹಂಚು. ಮನೆಯ ಮೇಲೆ ಹೊದಿಸುವ ವಸ್ತುವಿನ ಅರ್ಥದಲ್ಲಿ ಆ ಪದವನ್ನು ಬಳಸಬೇಕಾದಾಗ ಅದರ ಹಿಂದೆ ಒಂದು ಊರಿನ ಹೆಸರು ಬಂದು ಸೇರುತ್ತದೆ: ‘ಮಂಗಳೂರು ಹಂಚು.’ ಹಳೆಯ ಮೈಸೂರು ಭಾಗದಲ್ಲಿಯೂ ಕುಂಬಾರರು ಮಾಡಿದ ಅರೆಕೊಳವೆಯಾಕಾರದ ಹೆಂಚನ್ನು ‘ನಾಡಹೆಂಚು’ ಎಂದೂ ಕಾರ್ಖಾನೆಯಿಂದ ಬಂದ ಚಪ್ಪಟೆಯಾದ ಹೆಂಚನ್ನು ‘ಮಂಗಳೂರು ಹೆಂಚು’ ಎಂದೂ ಬೇರ್ಪಡಿಸಿ ಹೇಳುವ ರೂಢಿಯಿದೆ. ಒಂದು ಊರಿನ ಹೆಸರು ಕನ್ನಡನಾಡಿನ ಉದ್ದಗಲಕ್ಕೂ ಒಂದು ವಸ್ತುವಿನ ವಿಶೇಷಣವಾಗಿ ನಿಂತಿರುವುದರ ಹಿಂದೆ ಒಂದು ಕಾರ್ಖಾನೆಯ ಚರಿತ್ರೆಯಿದೆ. 1865ರಲ್ಲಿ ಮಂಗಳೂರಿನ ಜೆಪ್ಪುವಿನಲ್ಲಿ ಆರಂಭವಾಗಿ ಮೊದಲ ಮಹಾಯುದ್ಧದ ಪರಿಣಾಮವಾಗಿ ಕೊನೆಗೊಂಡ ‘ಬಾಸೆಲ್ ಮಿಶನ್ ಟೈಲ್ ವರ್ಕ್ಸ್’ ಎಂಬ ಸಂಸ್ಥೆಯೇ ಅದು.

ಕನ್ನಡ ಅಧ್ಯಯನಕಾರರಿಗೆ ಬಾಸೆಲ್ ಮಿಶನ್ ಅಪರಿಚಿತವಲ್ಲ. ಹರ್ಮನ್ ಮೋಗ್ಲಿಂಗ್ ಅವರು 1843ರಲ್ಲಿ ಹೊರತಂದ ‘ಮಂಗಳೂರ ಸಮಾಚಾರ’, ಫರ್ಡಿನಾಂಡ್ ಕಿಟೆಲ್ ಅವರ 1894ರ ನಿಘಂಟು, 1899ರಲ್ಲಿ ಮಿಶನ್ನಿನ ಮುದ್ರಣಾಲಯದಲ್ಲಿಯೇ ಅಚ್ಚಾದ ಗುಲ್ವಾಡಿ ವೆಂಕಟರಾಯರ ‘ಇಂದಿರಾಬಾಯಿ’ ಇವು ಸಾಹಿತ್ಯ ಚರಿತ್ರೆಯ ಪುಟಗಳಲ್ಲಿ ಮತ್ತೆ ಮತ್ತೆ ಉಲ್ಲೇಖಗೊಂಡಿವೆ. ಆದರೆ ಅದೇ ಮಿಶನ್ನಿನ ಹಂಚಿನ ಕಾರ್ಖಾನೆಯನ್ನು ಉದ್ಯಮದ ಚರಿತ್ರೆಗೆ ಸೇರಿದ್ದೆಂದು ಬದಿಗಿಡಲಾಗಿದೆ. ಅಕ್ಷರದ ಮಿಶನ್ ಬೇರೆ, ಮಣ್ಣಿನ ಮಿಶನ್ ಬೇರೆ ಎಂಬ ಈ ವಿಭಜನೆ ಸರಿಯಲ್ಲ. ಎರಡೂ ಒಂದೇ ಸಂಸ್ಥೆಯ, ಬಹುಮಟ್ಟಿಗೆ ಒಂದೇ ತಲೆಮಾರಿನ, ಒಂದು ಮುಖ್ಯ ಘಟ್ಟದಲ್ಲಿ ಒಬ್ಬನೇ ವ್ಯಕ್ತಿಯ ಕೆಲಸಗಳಾಗಿದ್ದವು ಎಂಬುದನ್ನೂ ಆ ಹಂಚು ಇಟ್ಟಿಗೆಗಳನ್ನು ದಾಖಲೆಗಳಂತೆ ಓದಲು ಸಾಧ್ಯವಿದೆ ಎಂಬುದನ್ನೂ ಪ್ರಸ್ತುತ ಲೇಖನದಲ್ಲಿ ವಿವರಿಸಲಾಗಿದೆ.

1. ಮಳೆ, ಮಣ್ಣು ಮತ್ತು ಮಾಡು

ಮನೆಯ ಮಾಡು ಆಯಾ ಪ್ರದೇಶದ ಮಳೆ ಮತ್ತು ಮಣ್ಣುಗಳಿಗೆ ಬದ್ಧವಾದುದು. ಕಲಬುರಗಿ ಸೀಮೆಯಲ್ಲಿ ವರ್ಷಕ್ಕೆ ಸುಮಾರು 700ರಿಂದ 800 ಮಿ.ಮೀ. ಮಳೆಯಾಗುತ್ತದೆ. ಇಲ್ಲಿನ ಎರೆಮಣ್ಣು ನೀರು ಕುಡಿದಾಗ ಹಿಗ್ಗಿ, ಒಣಗಿದಾಗ ಕುಗ್ಗಿ ಬಿರಿಯುವ ಗುಣವುಳ್ಳದ್ದು. ಇಟ್ಟಿಗೆ ಹಂಚುಗಳಿಗೆ ಅದು ಒಗ್ಗುವುದಿಲ್ಲ. ಆದರೆ ಕಲ್ಲಿಗೆ ಇಲ್ಲಿ ಕೊರತೆಯಿಲ್ಲ. ಹೀಗಾಗಿ ಕಲ್ಲಿನ ಗೋಡೆ, ಶಹಾಬಾದ್ ಕಲ್ಲಿನ ಹಾಸು, ಮಣ್ಣು ಹೊದಿಸಿದ ಮಟ್ಟಸದ ಮಾಳಿಗೆ ಇವು ಈ ಸೀಮೆಯ ಮನೆಯ ಲಕ್ಷಣಗಳಾದವು. ಮಾಳಿಗೆಯ ಮೇಲೆ ಕಾಳು ಒಣಗಿಸಬಹುದು, ಬೇಸಗೆಯಲ್ಲಿ ಮಲಗಲೂಬಹುದು.

ಇದಕ್ಕೆ ವ್ಯತಿರಿಕ್ತವಾಗಿ ಮಂಗಳೂರಿನಲ್ಲಿ ವರ್ಷಕ್ಕೆ 3,500 ಮಿ.ಮೀ.ಗೂ ಹೆಚ್ಚು ಮಳೆ ಸುರಿಯುತ್ತದೆ. ಅಲ್ಲಿ ಮಾಡು ಇಳಿಜಾರಾಗಿರುವುದು ಅನಿವಾರ್ಯ. ಹತ್ತೊಂಬತ್ತನೆಯ ಶತಮಾನದ ಮಧ್ಯಭಾಗದವರೆಗೆ ಸಾಮಾನ್ಯರ ಮನೆಗಳಿಗೆ ಮುಳಿಹುಲ್ಲು, ಅಡಕೆಯ ಸೋಗೆ, ತೆಂಗಿನ ಮಡಲುಗಳೇ ಹೊದಿಕೆಯಾಗಿದ್ದವು. ಅವನ್ನು ಮತ್ತೆ ಮತ್ತೆ ಬದಲಿಸಬೇಕಾಗಿತ್ತು. ಬೆಂಕಿಯ ಭಯವೂ ಇತ್ತು. ಕುಂಬಾರರ ನಾಡಹಂಚು ಇದ್ದರೂ ಒಂದರ ಮೇಲೊಂದನ್ನು ದಟ್ಟವಾಗಿ ಜೋಡಿಸಬೇಕಾದುದರಿಂದ ಮಾಡಿನ ಭಾರ ಹೆಚ್ಚಾಗುತ್ತಿತ್ತು. ಗಾಳಿಗೂ ಮಂಗಗಳ ಓಡಾಟಕ್ಕೂ ಹಂಚುಗಳು ಸರಿದು ಸೋರುವುದು ಸಾಮಾನ್ಯವಾಗಿತ್ತು. ಇನ್ನೊಂದೆಡೆ ನೇತ್ರಾವತಿ ಮತ್ತು ಗುರುಪುರ ನದಿಗಳು ಮಂಗಳೂರಿನ ಬಳಿ ಸಮುದ್ರವನ್ನು ಸೇರುವಲ್ಲಿ ಶತಮಾನಗಳಿಂದ ತಂದು ತುಂಬಿದ ನುಣುಪಾದ ಜೇಡಿಮಣ್ಣು ಹೇರಳವಾಗಿತ್ತು. ಘಟ್ಟದ ಕಾಡುಗಳಿಂದ ಸೌದೆಯೂ ಸಿಗುತ್ತಿತ್ತು. ಇಲ್ಲದಿದ್ದುದು ಇವೆರಡನ್ನು ಹೊಸ ರೀತಿಯಲ್ಲಿ ಕೂಡಿಸುವ ತಂತ್ರ ಮಾತ್ರ.

2. ಮುದ್ರಣಾಲಯದಿಂದ ಹಂಚಿನ ಕಾರ್ಖಾನೆಗೆ

1815ರಲ್ಲಿ ಸ್ವಿಟ್ಜರ್ಲೆಂಡಿನ ಬಾಸೆಲ್ ನಗರದಲ್ಲಿ ಸ್ಥಾಪನೆಯಾದ ಮಿಶನ್ನಿನ ಮೊದಲ ಮೂವರು ಪ್ರತಿನಿಧಿಗಳಾದ ಹೆಬಿಕ್, ಲೇನರ್ ಮತ್ತು ಗ್ರೈನರ್ 1834ರಲ್ಲಿ ಮಂಗಳೂರಿಗೆ ಬಂದರು. ಮತಪ್ರಚಾರದ ಕೆಲಸ ಆರಂಭವಾದ ಸ್ವಲ್ಪ ಕಾಲದಲ್ಲಿಯೇ ಅವರಿಗೆ ಒಂದು ಲೌಕಿಕ ಸಮಸ್ಯೆ ಎದುರಾಯಿತು. ದಕ್ಷಿಣ ಕನ್ನಡದಲ್ಲಿ ಮತಾಂತರಗೊಂಡವರಲ್ಲಿ ಬಿಲ್ಲವರ ಸಂಖ್ಯೆ ಗಣನೀಯವಾಗಿತ್ತು. ಹೊಸ ಮತದ ಶಿಸ್ತಿನಲ್ಲಿ ಕಳ್ಳು ತೆಗೆಯುವ ವೃತ್ತಿಗೆ ಅವಕಾಶವಿರಲಿಲ್ಲ. ಜಾತಿಯಿಂದ ಹೊರಬಂದವರಿಗೆ ಗೇಣಿಯ ಭೂಮಿ, ಮನೆ, ನೆರೆಹೊರೆಯ ಆಸರೆಗಳೂ ತಪ್ಪುತ್ತಿದ್ದವು. ಮತಾಂತರ ಮತ್ತು ಜೀವನೋಪಾಯಗಳ ಈ ಬಿಕ್ಕಟ್ಟು ಮುಂದೆ ಶಿವರಾಮ ಕಾರಂತರ ‘ಚೋಮನ ದುಡಿ’ಯಲ್ಲಿ ಭೂಮಿಯ ಪ್ರಶ್ನೆಯಾಗಿ ಕಾಣಿಸಿಕೊಂಡಿರುವುದನ್ನು ಇಲ್ಲಿ ನೆನೆಯಬಹುದು. ಮಿಶನ್ ಇದಕ್ಕೆ ಕಂಡುಕೊಂಡ ಉತ್ತರ ಕೈಗಾರಿಕೆ. ಮುದ್ರಣ, ಪುಸ್ತಕ ಕಟ್ಟುವಿಕೆ, ನೇಯ್ಗೆ, ಬಡಗಿತನಗಳಲ್ಲಿ ಪ್ರಯೋಗಗಳು ನಡೆದವು.

ಜಾರ್ಜ್ ಪ್ಲೆಬ್ಸ್ಟ್ ಅವರು ಮಂಗಳೂರಿಗೆ ಬಂದುದು ಈ ಹಿನ್ನೆಲೆಯಲ್ಲಿ. 1850ರ ದಶಕದ ಆರಂಭದಲ್ಲಿ ಬಂದ ಅವರಿಗೆ ವಹಿಸಿದ್ದ ಕೆಲಸ ಮುದ್ರಣಾಲಯದ್ದು. ಕಲ್ಲಚ್ಚಿನ ಕಾಲ ಮುಗಿದು ಮೊಳೆಯಚ್ಚಿನ ಕಾಲ ಆರಂಭವಾಗುತ್ತಿದ್ದ ಆ ದಿನಗಳಲ್ಲಿ ಕನ್ನಡದ ಅಚ್ಚುಮೊಳೆಗಳನ್ನು ಸುಧಾರಿಸುವಲ್ಲಿ ಅವರ ಪಾಲೂ ಇದೆ. ಅದೇ ಯಂತ್ರಕುಶಲಿ 1865ರಲ್ಲಿ ನೇತ್ರಾವತಿಯ ದಂಡೆಗೆ ಸಮೀಪವಿರುವ ಜೆಪ್ಪುವಿನಲ್ಲಿ ಹಂಚಿನ ಕಾರ್ಖಾನೆಯನ್ನು ಆರಂಭಿಸಿದರು.

ಇದನ್ನು ಕೇವಲ ಆಕಸ್ಮಿಕವೆಂದು ಭಾವಿಸಬೇಕಾಗಿಲ್ಲ. ಅಚ್ಚುಮೊಳೆ ಮತ್ತು ಅಚ್ಚುಹಂಚುಗಳ ಹಿಂದಿನ ತತ್ತ್ವ ಒಂದೇ. ಒಮ್ಮೆ ನಿಖರವಾದ ಅಚ್ಚನ್ನು ಸಿದ್ಧಪಡಿಸಿಕೊಂಡರೆ ಒಂದೇ ಅಳತೆಯ, ಒಂದೇ ರೂಪದ ಸಾವಿರಾರು ಪ್ರತಿಗಳನ್ನು ಪಡೆಯಬಹುದು. ಓಲೆಗರಿಯ ಪ್ರತಿಕಾರನ ಸ್ಥಾನದಲ್ಲಿ ಮುದ್ರಣಾಲಯ ನಿಂತಂತೆ, ಕುಂಬಾರನ ತಿಗುರಿಯ ಸ್ಥಾನದಲ್ಲಿ ಅಚ್ಚುಯಂತ್ರ ನಿಂತಿತು. ಒಂದು ಪ್ರತಿಗೂ ಇನ್ನೊಂದಕ್ಕೂ ವ್ಯತ್ಯಾಸವಿರುವ ಹಸ್ತಪ್ರತಿಗೆ ಒಗ್ಗಿದ್ದ ಸಮಾಜ ಒಂದೇ ತೆರನಾದ ಮುದ್ರಿತ ಪುಸ್ತಕವನ್ನು ಕಂಡ ಕಾಲದಲ್ಲಿಯೇ ಒಂದೇ ತೆರನಾದ ಹಂಚನ್ನೂ ಕಂಡಿತು.

ಹಂಚಿನ ವಿನ್ಯಾಸ ಮಂಗಳೂರಿನಲ್ಲಿ ಹುಟ್ಟಿದ್ದಲ್ಲ. ಅಲ್ಸೇಸ್ ಪ್ರದೇಶದ ಆಲ್ಟ್‌ಕಿರ್ಕ್ ಎಂಬಲ್ಲಿ ಗಿಲಾರ್ಡೋನಿ ಸಹೋದರರು 1841ರಲ್ಲಿ ಪೇಟೆಂಟ್ ಪಡೆದಿದ್ದ, ಅಂಚಿಗೆ ಅಂಚು ಕಚ್ಚಿಕೊಳ್ಳುವ ಹಂಚಿನ ವಂಶಕ್ಕೆ ಸೇರಿದ್ದು ಅದು. ಹಂಚಿನ ಒಂದು ಬದಿಯ ಗಾಡಿಯಲ್ಲಿ ಪಕ್ಕದ ಹಂಚಿನ ಏಣು ಕುಳಿತುಕೊಳ್ಳುತ್ತದೆ. ಕೆಳಗಿನ ಗುಬಟು ರೀಪಿಗೆ ಆನಿಕೊಳ್ಳುತ್ತದೆ. ಇದರಿಂದ ಹಂಚುಗಳು ಒಂದರ ಮೇಲೊಂದು ಹೆಚ್ಚು ಹೇರಿಕೊಳ್ಳಬೇಕಾಗಿಲ್ಲ. ಒಂದು ಚದರ ಮೀಟರಿಗೆ ಸುಮಾರು 15 ಹಂಚುಗಳು ಸಾಕು. ಮಾಡು ಹಗುರವಾಯಿತು, ಮರದ ಖರ್ಚು ಇಳಿಯಿತು, ಸೋರಿಕೆ ಕಡಿಮೆಯಾಯಿತು.

3. ಮಣ್ಣು ಹಂಚಾಗುವ ಬಗೆ

ಕಾರ್ಖಾನೆಯ ಕೆಲಸ ಋತುಮಾನಕ್ಕೆ ಹೊಂದಿಕೊಂಡಿತ್ತು. ಬೇಸಗೆಯಲ್ಲಿ ನದೀತೀರದ ಗದ್ದೆಗಳಿಂದ ಅಗೆದ ಮಣ್ಣನ್ನು ದೋಣಿಗಳಲ್ಲಿ ತಂದು ರಾಶಿ ಹಾಕಿ ಹದಗೊಳ್ಳಲು ಬಿಡುತ್ತಿದ್ದರು. ಒಂದೇ ಬಗೆಯ ಮಣ್ಣು ಸಾಲದು. ಅಂಟು ಹೆಚ್ಚಾದರೆ ಹಂಚು ಒಣಗುವಾಗ ಸೊಟ್ಟಗಾಗುತ್ತದೆ. ಮರಳು ಹೆಚ್ಚಾದರೆ ಸುಟ್ಟ ಮೇಲೂ ನೀರು ಹೀರುತ್ತದೆ. ಆದ್ದರಿಂದ ಬೇರೆ ಬೇರೆ ಮಣ್ಣುಗಳನ್ನು ಗೊತ್ತಾದ ಪ್ರಮಾಣದಲ್ಲಿ ಬೆರೆಸಿ, ನೀರು ಹಾಕಿ, ಯಂತ್ರದಲ್ಲಿ ಅರೆದು ಕಲಸಲಾಗುತ್ತಿತ್ತು. ಆ ಮುದ್ದೆಯಿಂದ ಹಲಗೆಯಾಕಾರದ ತುಂಡುಗಳನ್ನು ಕತ್ತರಿಸಿ, ಅಚ್ಚಿಗೆ ಅಂಟದಂತೆ ಎಣ್ಣೆ ಸವರಿ, ಒತ್ತುಯಂತ್ರದಲ್ಲಿ ಹಂಚಿನ ರೂಪ ಕೊಡುತ್ತಿದ್ದರು. ಅಂಚುಗಳಲ್ಲಿ ಉಳಿದ ಮಣ್ಣನ್ನು ಕೈಯಿಂದಲೇ ಕತ್ತರಿಸಿ ನಯಗೊಳಿಸಬೇಕಾಗಿತ್ತು.

ಹಸಿ ಹಂಚುಗಳನ್ನು ಬಿಸಿಲಿಗೆ ಒಡ್ಡುವಂತಿರಲಿಲ್ಲ. ನೆರಳಿನಲ್ಲಿ, ಮರದ ಚೌಕಟ್ಟುಗಳ ಮೇಲೆ, ಗಾಳಿಯಾಡುವ ಉದ್ದನೆಯ ಕೊಟ್ಟಿಗೆಗಳಲ್ಲಿ ಅವು ನಿಧಾನವಾಗಿ ಒಣಗಬೇಕಾಗಿತ್ತು. ಅನಂತರ ಆವಿಗೆಯಲ್ಲಿ ಜೋಡಿಸಿ ಸುಡುವುದು. ಬೆಂಕಿ ಒಮ್ಮೆಲೇ ಏರಿದರೆ ಒಳಗಿನ ತೇವ ಆವಿಯಾಗಿ ಹಂಚು ಸಿಡಿಯುತ್ತದೆ. ಮಣ್ಣಿನಲ್ಲಿರುವ ಕಬ್ಬಿಣದ ಅಂಶ ಗಾಳಿಯೊಡನೆ ಬೆರೆತು ಕೆಂಪುಬಣ್ಣ ತಾಳುತ್ತದೆ. ಸುಟ್ಟ ಹಂಚನ್ನು ಬೆರಳಿನಿಂದ ತಟ್ಟಿ, ನಾದ ಕೇಳಿ, ಬಣ್ಣ ನೋಡಿ ದರ್ಜೆ ನಿರ್ಧರಿಸುವ ಪದ್ಧತಿಯಿತ್ತು. ಹಂಚುಗಳ ಜೊತೆಗೆ ಇಟ್ಟಿಗೆ, ಮಾಡಿನ ಏಣಿಗೆ ಹೊದಿಸುವ ಮೂಲೆಹಂಚು, ನೆಲಕ್ಕೆ ಹಾಸುವ ಚೌಕಹಂಚು, ಅಲಂಕಾರದ ಕುಂಡಗಳನ್ನೂ ಮಿಶನ್ನಿನ ಕಾರ್ಖಾನೆಗಳು ತಯಾರಿಸಿದವು. ಮುರಕಲ್ಲು ಸುಲಭವಾಗಿ ದೊರೆಯುವ ಕರಾವಳಿಯಲ್ಲಿ ಇಟ್ಟಿಗೆಗೆ ಎರಡನೆಯ ಸ್ಥಾನವೇ ಉಳಿಯಿತು. ಹೆಸರು ಗಳಿಸಿದ್ದು ಹಂಚು.

ಬೇಡಿಕೆ ಬೆಳೆದಂತೆ ಕಾರ್ಖಾನೆಗಳೂ ಬೆಳೆದವು. 1873ರಲ್ಲಿ ಕಲ್ಲಿಕೋಟೆ, 1882ರಲ್ಲಿ ಮಂಗಳೂರಿನದೇ ಕುದ್ರೋಳಿ, 1886ರಲ್ಲಿ ಮಲ್ಪೆ, ಆ ಬಳಿಕ ಮಲಬಾರಿನ ಕೊಡಕ್ಕಲ್, ಪಾಲಕ್ಕಾಡು ಮತ್ತು ಫೆರೋಕ್‌ಗಳಲ್ಲಿ ಮಿಶನ್ನಿನ ಹಂಚಿನ ಕಾರ್ಖಾನೆಗಳು ತಲೆಯೆತ್ತಿದವು. ಸ್ಥಳೀಯ ಉದ್ಯಮಿಗಳು ಹಿಂದೆ ಬೀಳಲಿಲ್ಲ. ಆಲ್ಬುಕರ್ಕ್ ಮನೆತನದ ಉದ್ಯಮ 1868ರಷ್ಟು ಹಿಂದಿನದು. ಮಂಗಳೂರು ಬಂದರಿನಿಂದ ಹಂಚು ಮುಂಬಯಿಗೆ ಮಾತ್ರವಲ್ಲದೆ ಬರ್ಮಾ, ಸಿಲೋನ್, ಏಡನ್ ಮತ್ತು ಪೂರ್ವ ಆಫ್ರಿಕಾಗಳಿಗೂ ಹೋಯಿತು. 1907ರಲ್ಲಿ ಮಂಗಳೂರಿಗೆ ರೈಲು ಬಂದ ಮೇಲೆ ಒಳನಾಡಿನ ದಾರಿಯೂ ಸುಗಮವಾಯಿತು. ಇಂದಿಗೂ ಈ ಬಗೆಯ ಹಂಚಿಗೆ ಸಂಬಂಧಿಸಿದ ಭಾರತೀಯ ಮಾನಕದ (ಸಂಖ್ಯೆ 654) ಶೀರ್ಷಿಕೆಯಲ್ಲಿ ‘ಮಂಗಳೂರು ಮಾದರಿ’ ಎಂಬ ಹೆಸರೇ ಇದೆ.

4. ದುಡಿಮೆಯ ಹೊಸ ಶಿಸ್ತು

ಹಂಚಿನ ಕಾರ್ಖಾನೆ ಕರಾವಳಿಗೆ ಹಂಚನ್ನು ಮಾತ್ರ ಕೊಡಲಿಲ್ಲ, ದುಡಿಮೆಯ ಹೊಸ ಕಲ್ಪನೆಯನ್ನೂ ಕೊಟ್ಟಿತು. ಕಳ್ಳು ತೆಗೆಯುವವನಾಗಲಿ, ಗೇಣಿದಾರನಾಗಲಿ ತನ್ನ ಕೆಲಸದ ಹೊತ್ತನ್ನು ಸೂರ್ಯ, ಮರ, ಮಳೆಗಳನ್ನು ನೋಡಿ ಗೊತ್ತುಮಾಡಿಕೊಳ್ಳುತ್ತಿದ್ದ. ಕಾರ್ಖಾನೆಯಲ್ಲಿ ಹೊತ್ತನ್ನು ಹೇಳುವುದು ಗಂಟೆ. ದಿನದ ಕೆಲಸ ಪ್ರಾರ್ಥನೆಯಿಂದ ಆರಂಭವಾಗುತ್ತಿತ್ತು. ಧರ್ಮದ ಶಿಸ್ತು ಮತ್ತು ಯಂತ್ರದ ಶಿಸ್ತು ಒಂದರೊಳಗೊಂದು ಬೆರೆತಿದ್ದವು. ಮಣ್ಣು ಹೊರುವುದು, ಹಸಿ ಹಂಚನ್ನು ಸಾಗಿಸುವುದು, ಅಂಚು ನಯಗೊಳಿಸುವುದು ಮೊದಲಾದ ಕೆಲಸಗಳಲ್ಲಿ ಹೆಂಗಸರು ದೊಡ್ಡ ಪ್ರಮಾಣದಲ್ಲಿ ತೊಡಗಿದ್ದರು. ಕಾರ್ಖಾನೆಗಳು ಬೆಳೆದಂತೆ ಕ್ರೈಸ್ತರಲ್ಲದವರೂ ಕೆಲಸಕ್ಕೆ ಸೇರಿದರು. ಬೇರೆ ಬೇರೆ ಜಾತಿಯವರು ಒಂದೇ ಕೊಟ್ಟಿಗೆಯಲ್ಲಿ ಕೂಲಿಗಾಗಿ ದುಡಿಯುವ ಸನ್ನಿವೇಶ ಹೊಸದು.

ಆದರೆ ಇದನ್ನು ಬಿಡುಗಡೆಯ ಕಥೆಯಾಗಿ ಮಾತ್ರ ಓದುವುದು ಅರೆಸತ್ಯವಾಗುತ್ತದೆ. ಮತಾಂತರಗೊಂಡವನಿಗೆ ಸಭೆಯ ಹಿರಿಯನೂ ಕೂಲಿ ಕೊಡುವ ಒಡೆಯನೂ ಒಂದೇ ಸಂಸ್ಥೆಯಾಗಿದ್ದುದರಿಂದ ಅವನ ಸ್ವಾತಂತ್ರ್ಯಕ್ಕೆ ಮಿತಿಯಿತ್ತು. ಆವಿಗೆಯ ಬಿಸಿ, ಮಣ್ಣಿನ ಭಾರ, ಧೂಳುಗಳ ನಡುವಿನ ಕೆಲಸ ಸುಲಭದ್ದಾಗಿರಲಿಲ್ಲ. ಇಪ್ಪತ್ತನೆಯ ಶತಮಾನದಲ್ಲಿ ಮಂಗಳೂರಿನ ಕಾರ್ಮಿಕ ಚಳವಳಿ ಬೀಡಿ ಕಟ್ಟುವವರ ಜೊತೆಗೆ ಹಂಚಿನ ಕಾರ್ಮಿಕರನ್ನೂ ನೆಲೆಯಾಗಿಸಿಕೊಂಡು ಬೆಳೆಯಿತು ಎಂಬುದು ಗಮನಾರ್ಹ. ಇನ್ನೊಂದು ಬದಿಯಲ್ಲಿ, ಕಾರ್ಖಾನೆಯ ಹಂಚು ಕುಂಬಾರರ ನಾಡಹಂಚಿನ ಮಾರುಕಟ್ಟೆಯನ್ನು ಕುಗ್ಗಿಸಿತು. ಒಂದು ಸಮುದಾಯಕ್ಕೆ ಅನ್ನ ಕೊಟ್ಟ ತಂತ್ರ ಇನ್ನೊಂದು ಸಮುದಾಯದ ಕುಲವೃತ್ತಿಯ ಅಂಚನ್ನು ಸವೆಸಿತು.

5. ಹಂಚನ್ನು ಓದುವ ಕ್ರಮ

ಮಂಗಳೂರು ಹಂಚಿನ ಕೆಳಮೈಯಲ್ಲಿ ತಯಾರಕರ ಹೆಸರು ಒತ್ತಿರುತ್ತದೆ. ಒಳಮಾಳಿಗೆಯಿಲ್ಲದ ಮನೆಯಲ್ಲಿ ಮಲಗಿ ಮೇಲೆ ನೋಡಿದರೆ ಆ ಅಕ್ಷರಗಳು ಸಾಲುಸಾಲಾಗಿ ಕಾಣುತ್ತವೆ. ಪುಸ್ತಕವೇ ಇಲ್ಲದ ಮನೆಯ ಮಾಡಿನಲ್ಲಿಯೂ ಮುದ್ರಿತ ಅಕ್ಷರವಿತ್ತು. ಅಚ್ಚಿನಲ್ಲಿ ಅಕ್ಷರಗಳನ್ನು ತಿರುಗುಮುರುಗಾಗಿ ಕೊರೆಯಬೇಕು. ಆಗ ಮಾತ್ರ ಹಂಚಿನ ಮೇಲೆ ಅವು ನೇರವಾಗಿ ಮೂಡುತ್ತವೆ. ಅಚ್ಚುಮೊಳೆಯ ಕ್ರಮವೂ ಇದೇ.

ಈ ಬರಹ ಸಂಶೋಧಕರಿಗೆ ಮೂರು ರೀತಿಯಲ್ಲಿ ಉಪಯುಕ್ತ. ಮೊದಲನೆಯದು, ಕಾಲನಿರ್ಣಯ. ಕೆಲವು ಬರಹಗಳಲ್ಲಿ ಕಾರ್ಖಾನೆ 1860ರಲ್ಲಿ ಆರಂಭವಾಯಿತೆಂದೂ ಸ್ಥಾಪಕರ ಹೆಸರು ‘ಪ್ಲೆಬೊಟ್’ ಎಂದೂ ಇದೆ. ಆದರೆ ಮಿಶನ್ನಿನ ಹಂಚುಗಳ ಮೇಲೆಯೇ ‘1865’ ಎಂಬ ವರ್ಷ ಒತ್ತಿರುವುದನ್ನು ಕಾಣಬಹುದು. ಹೆಸರು ಪ್ಲೆಬ್ಸ್ಟ್ ಎಂಬುದೂ ನಿರ್ವಿವಾದ. ಒಬ್ಬರು ಬರೆದುದನ್ನು ಇನ್ನೊಬ್ಬರು ನಕಲಿಸಿದಾಗ ತಪ್ಪು ಹೇಗೆ ಬೇರೂರುತ್ತದೆ ಎಂಬುದು ಪಾಠಾಂತರಗಳೊಡನೆ ವ್ಯವಹರಿಸುವ ಕನ್ನಡ ವಿದ್ವಾಂಸರಿಗೆ ಗೊತ್ತಿರುವ ಸಂಗತಿಯೇ. ಇಲ್ಲಿ ಮೂಲಪ್ರತಿ ಹಂಚೇ ಆಗಿದೆ.

ಎರಡನೆಯದು, ಎಚ್ಚರಿಕೆ. 1865 ಎಂಬುದು ಸಂಸ್ಥೆಯ ಸ್ಥಾಪನೆಯ ವರ್ಷ, ಆ ಹಂಚು ತಯಾರಾದ ವರ್ಷವಲ್ಲ. ಮನೆಯೊಂದರ ಮಾಡಿನಲ್ಲಿ ಆ ಸಂಖ್ಯೆ ಕಂಡಿತೆಂದು ಮನೆಯೂ 1865ರದೆಂದು ತೀರ್ಮಾನಿಸಲಾಗದು. ಶಾಸನದಲ್ಲಿ ಉಲ್ಲೇಖಗೊಂಡ ವರ್ಷಕ್ಕೂ ಅದನ್ನು ಕೆತ್ತಿದ ವರ್ಷಕ್ಕೂ ಅಂತರವಿರಬಹುದಾದಂತೆಯೇ ಇದು. ಕಾಲವನ್ನು ಹೇಳುವುದು ಹೆಸರುಗಳು. ಹಂಚಿನ ಮೇಲೆ ಕುದ್ರೋಳಿ ಎಂದಿದ್ದರೆ ಅದು 1882ಕ್ಕಿಂತ, ಮಲ್ಪೆ ಎಂದಿದ್ದರೆ 1886ಕ್ಕಿಂತ ಹಿಂದಿನದಾಗಲಾರದು. ಬಾಸೆಲ್ ಮಿಶನ್ ಎಂಬ ಹೆಸರಿದ್ದರೆ ಅದು ಮೊದಲ ಮಹಾಯುದ್ಧದ ಪರಿಣಾಮವಾಗಿ ಒಡೆತನ ಬದಲಾಗುವ ಮೊದಲಿನದು. ಕಾಮನ್‌ವೆಲ್ತ್ ಟ್ರಸ್ಟ್ ಎಂದಿದ್ದರೆ ಆ ನಂತರದ್ದು. ಆದರೂ ಹಳೆಯ ಹಂಚನ್ನು ಕಳಚಿ ಹೊಸ ಮನೆಗೆ ಹೊದಿಸುವ ರೂಢಿ ಇರುವುದರಿಂದ ಹಂಚಿನ ಕಾಲ ಬೇರೆ, ಮನೆಯ ಕಾಲ ಬೇರೆ ಎಂಬುದನ್ನು ಮರೆಯಬಾರದು.

ಮೂರನೆಯದು, ಬರಹದ ಮೌನ. ಈ ಹಂಚುಗಳ ಮೇಲಿನ ಲಿಪಿ ರೋಮನ್, ಭಾಷೆ ಇಂಗ್ಲಿಷ್. ಕನ್ನಡದ ಅಚ್ಚುಮೊಳೆಗಳಿಗಾಗಿ ಶ್ರಮಿಸಿದ ಸಂಸ್ಥೆ ತನ್ನ ಹಂಚಿನ ಮೇಲೆ ಒತ್ತಿದ್ದು ಮಾರುಕಟ್ಟೆಯ ಭಾಷೆಯನ್ನು. ಸುವಾರ್ತೆ ಜನರ ಭಾಷೆಯಲ್ಲಿ, ವ್ಯಾಪಾರ ಸಾಮ್ರಾಜ್ಯದ ಭಾಷೆಯಲ್ಲಿ ಎಂಬ ಹಂಚಿಕೆ ಇಲ್ಲಿ ಸ್ಪಷ್ಟವಾಗಿದೆ. ಕಲಬುರಗಿ ಜಿಲ್ಲೆಯ ಸನ್ನತಿಯ ಬಳಿಯ ಕನಗನಹಳ್ಳಿಯ ಬೌದ್ಧ ಸ್ತೂಪದಲ್ಲಿ ‘ರಾಯ ಅಶೋಕ’ನ ಹೆಸರಿನೊಂದಿಗೆ ಕಲ್ಲುಚಪ್ಪಡಿಗಳನ್ನು ದಾನಮಾಡಿದ ಸಾಮಾನ್ಯರ ಹೆಸರುಗಳೂ ಬ್ರಾಹ್ಮಿಯಲ್ಲಿ ಉಳಿದಿವೆ. ಸುಮಾರು ಎರಡು ಸಾವಿರ ವರ್ಷಗಳ ಹಿಂದಿನ ಆ ದಾನಿಗಳ ಹೆಸರು ಇಂದು ನಮಗೆ ತಿಳಿದಿದೆ. ಕಂಪನಿಯ ಹೆಸರು ಹೊತ್ತ ಹಂಚಿನಲ್ಲಿ ಮಣ್ಣು ತುಳಿದವರ, ಅಂಚು ನಯಗೊಳಿಸಿದವರ ಹೆಸರಿಗೆ ಜಾಗವಿಲ್ಲ.

6. ಕೊನೆ ಮತ್ತು ಉಳಿಕೆ

1914ರಲ್ಲಿ ಯುದ್ಧ ಆರಂಭವಾದಾಗ ಮಿಶನ್ನಿನಲ್ಲಿದ್ದ ಜರ್ಮನರು ಬ್ರಿಟಿಷ್ ಸರಕಾರಕ್ಕೆ ಶತ್ರುದೇಶದ ಪ್ರಜೆಗಳಾದರು. ಅವರನ್ನು ಬಂಧನದಲ್ಲಿರಿಸಿ, ಮುಂದೆ ಸ್ವದೇಶಕ್ಕೆ ಕಳುಹಿಸಲಾಯಿತು. ಮಿಶನ್ನಿನ ಕೈಗಾರಿಕೆಗಳನ್ನು ಸರಕಾರ ವಶಪಡಿಸಿಕೊಂಡಿತು. ಯುದ್ಧದ ಬಳಿಕ ಅವು ಕಾಮನ್‌ವೆಲ್ತ್ ಟ್ರಸ್ಟ್ ಎಂಬ ಹೊಸ ಸಂಸ್ಥೆಗೆ ಸೇರಿದವು. ಆವಿಗೆಗಳು ಉರಿದವು, ಹಂಚುಗಳು ಬಂದವು; ಆದರೆ ಬಾಸೆಲ್ ಮಿಶನ್ ಟೈಲ್ ವರ್ಕ್ಸ್ ಎಂಬ ಹೆಸರು ಅಲ್ಲಿಗೆ ಮುಗಿಯಿತು. ಅರ್ಧ ಶತಮಾನದ ಆಯುಸ್ಸು ಅದರದು.

ಅದು ಹುಟ್ಟಿಹಾಕಿದ ಉದ್ಯಮ ಇಪ್ಪತ್ತನೆಯ ಶತಮಾನದುದ್ದಕ್ಕೂ ಬಾಳಿ, ಕೊನೆಯ ದಶಕಗಳಲ್ಲಿ ಕುಸಿಯತೊಡಗಿತು. ಕಾಂಕ್ರೀಟಿನ ತಾರಸಿ ಅಂತಸ್ತಿನ ಗುರುತಾಯಿತು. ಗದ್ದೆಯ ಮಣ್ಣು ತೆಗೆಯುವುದಕ್ಕೆ ಅಡೆತಡೆಗಳು ಬಂದವು, ಸೌದೆ ದುಬಾರಿಯಾಯಿತು. ಒಂದೊಂದಾಗಿ ಚಿಮಣಿಗಳು ತಣ್ಣಗಾದವು. ಹಳೆಯ ಮನೆಗಳನ್ನು ಕೆಡವಿದಾಗ ಹಂಚುಗಳು ಒಡೆದು ರಸ್ತೆಯ ಗುಂಡಿಗೆ ಬೀಳುತ್ತವೆ. ಒಡೆಯದವು ವಿಹಾರಧಾಮಗಳ ಅಲಂಕಾರಕ್ಕೆ ಮಾರಾಟವಾಗುತ್ತವೆ. ಯಾವ ಊರಿನ ಯಾವ ಮಾಡಿನಿಂದ ಇಳಿಯಿತು ಎಂಬ ಮಾಹಿತಿಯಿಲ್ಲದ ಹಂಚು, ದೊರೆತ ಸ್ಥಳ ಗೊತ್ತಿಲ್ಲದ ಶಾಸನದಂತೆ ತನ್ನ ಅರ್ಧ ಬೆಲೆಯನ್ನು ಕಳೆದುಕೊಳ್ಳುತ್ತದೆ.

ಕಳೆದುಹೋಗುತ್ತಿರುವುದು ಹಂಚು ಮಾತ್ರವಲ್ಲ, ಅದರ ಸುತ್ತ ಬೆಳೆದ ನುಡಿಯೂ ಹೌದು. ಉತ್ತರ ಕರ್ನಾಟಕದ ‘ಇಟ್ಟಂಗಿ’, ಗ್ರಂಥಸ್ಥ ಕನ್ನಡದ ‘ಇಟ್ಟಿಗೆ’. ತುಳುವಿನ ‘ಓಡು’, ಕನ್ನಡದ ‘ಹಂಚು’. ಕುಂಬಾರರ ‘ಆವಿಗೆ’, ಇಟ್ಟಂಗಿ ಸುಡುವವರ ‘ಭಟ್ಟಿ’. ಕರಾವಳಿಯಲ್ಲಿ ಜೇಡಿಗೆ ಹೇಳುವ ‘ಆವೆಮಣ್ಣು’ ಇವೆಲ್ಲ ಒಂದೇ ವೃತ್ತಿಲೋಕದ ಪದಗಳು. ಕನ್ನಡದಲ್ಲಿ ‘ಓಡು’ ಒಡೆದ ಮಡಕೆಯ ಚೂರಾದರೆ ತುಳುವಿನಲ್ಲಿ ಅದು ಇಡಿಯಾದ ಹಂಚು. ಕಿಟೆಲ್ಲರ ನಿಘಂಟು ಮಂಗಳೂರಿನಲ್ಲಿ ಅಚ್ಚಾಗುತ್ತಿದ್ದ ಕಾಲದಲ್ಲಿಯೇ ಕೆಲವೇ ಮೈಲಿಗಳೊಳಗೆ ಜೆಪ್ಪು, ಕುದ್ರೋಳಿಗಳ ಆವಿಗೆಗಳು ಉರಿಯುತ್ತಿದ್ದವು. ಅಲ್ಲಿನ ಕಾರ್ಮಿಕರು ತುಳು, ಕನ್ನಡ, ಇಂಗ್ಲಿಷುಗಳನ್ನು ಬೆರೆಸಿ ಕಟ್ಟಿಕೊಂಡ ಯಂತ್ರಭಾಷೆ ನಿಘಂಟಿನ ಪುಟಗಳಿಗಿಂತ ಕಾರ್ಮಿಕರ ನಾಲಗೆಯ ಮೇಲೆಯೇ ಹೆಚ್ಚಾಗಿ ಉಳಿಯಿತು. ಕಾರ್ಖಾನೆಗಳು ಮುಚ್ಚಿ, ಅಲ್ಲಿ ದುಡಿದವರ ಕೊನೆಯ ತಲೆಮಾರು ಮುಪ್ಪಿಗೆ ಸರಿದಿರುವ ಇಂದಿನ ಸಂದರ್ಭದಲ್ಲಿ ಆ ಪದಗಳ ಸಂಗ್ರಹ ತುರ್ತಾಗಿ ಆಗಬೇಕಾದ ಕೆಲಸ.

ಒಟ್ಟಿನಲ್ಲಿ, ಬಾಸೆಲ್ ಮಿಶನ್ನಿನ ಹಂಚಿನ ಕಾರ್ಖಾನೆಯನ್ನು ಬಿಟ್ಟು ಅದರ ಮುದ್ರಣಾಲಯವನ್ನು ಪೂರ್ಣವಾಗಿ ಅರ್ಥಮಾಡಿಕೊಳ್ಳಲಾಗದು. ಕನ್ನಡದ ಆಧುನಿಕತೆ ಕಾಗದದ ಮೇಲೆ ಮೂಡಿದಷ್ಟೇ ಮಣ್ಣಿನ ಮೇಲೆಯೂ ಮೂಡಿದೆ. ಹಸ್ತಪ್ರತಿ ಸಂಗ್ರಹಕ್ಕಾಗಿ ಊರೂರು ಅಲೆದ ಪರಂಪರೆ ಕನ್ನಡ ವಿಭಾಗಗಳಿಗಿದೆ. ಕೆಡವಲಿರುವ ಶಾಲೆ, ಮನೆ, ಗೋದಾಮುಗಳಿಂದ ಒಂದೊಂದು ಹಂಚನ್ನು, ಒಂದೊಂದು ಇಟ್ಟಿಗೆಯನ್ನು ಅದು ದೊರೆತ ಊರು, ಕಟ್ಟಡ, ಮೇಲಿನ ಬರಹ, ಅಳತೆಗಳ ವಿವರದೊಂದಿಗೆ ದಾಖಲಿಸುವುದು ಆ ಪರಂಪರೆಯ ಮುಂದುವರಿಕೆಯೇ ಆದೀತು. ಮಂಗಳೂರಿನಿಂದ ದೂರವಿರುವ ಆಳಂದ ಸೀಮೆಯಲ್ಲಿಯೂ ಈ ಕೆಲಸಕ್ಕೆ ಎಡೆಯಿದೆ. ಹೈದರಾಬಾದ್ ಸಂಸ್ಥಾನದಲ್ಲಿದ್ದ ಈ ಭಾಗವೂ ಮದರಾಸು ಪ್ರಾಂತದಲ್ಲಿದ್ದ ಮಂಗಳೂರೂ ಒಂದೇ ರಾಜ್ಯಕ್ಕೆ ಸೇರಿದ್ದು 1956ರಲ್ಲಿ. ಮಂಗಳೂರು ಹಂಚು ಈ ಸೀಮೆಯ ಕಟ್ಟಡಗಳಿಗೆ ಆ ಏಕೀಕರಣಕ್ಕಿಂತ ಮೊದಲೇ ಬಂದಿತ್ತೇ ಎಂಬ ಪ್ರಶ್ನೆಗೆ ಉತ್ತರ ಅವುಗಳ ಮಾಡಿನಲ್ಲಿಯೇ ಒತ್ತಿರಬಹುದು. ಮಾಡು ಇಳಿಯುವ ಮೊದಲು ಅದನ್ನು ಓದಬೇಕಾಗಿದೆ.